ಮನೆ ಹಿಡಿಯುವ ಮೊದಲು ನಲ್ಲಿ ತಿರುಗಿಸಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ದಾವಣಗೆರೆಯಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲ್ ಸಿಕ್ಕಿಲ್ಲ, ಎಲ್ಲಿ ಇರೋದು? ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇಷ್ಟಕ್ಕೇ ಉತ್ತರ ಬರೆಯುತ್ತಿದ್ದೇನೆ. ನಾನೂ 1988ರಲ್ಲಿ ಒಂದು ಟ್ರಂಕು, ಒಂದು ಚಾಪೆ ಹಿಡಿದು ಚನ್ನಗಿರಿ ಕಡೆಯಿಂದ ಈ ಊರಿಗೆ ಓದಲು ಬಂದವಳು. ಈಗ ನಮ್ಮ ಮನೆಯ ಮೇಲಿನ ಎರಡು ರೂಮುಗಳಲ್ಲಿ ಹುಡುಗಿಯರು ಬಾಡಿಗೆಗೆ ಇದ್ದಾರೆ. ಎರಡೂ ಕಡೆ ನಿಂತು ನೋಡಿದ್ದೇನೆ, ಅದರ ಮೇಲೆ ಹೇಳುತ್ತೇನೆ.

ಪ್ರಶ್ನೆ: ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಪಿಜಿಯಲ್ಲಿ ಊಟ, ತಿಂಡಿ ಸೇರಿ ತಿಂಗಳಿಗೆ 6,500 ಕೇಳುತ್ತಾರೆ. ಇನ್ನಿಬ್ಬರು ಗೆಳತಿಯರ ಜೊತೆ ಸೇರಿದರೆ ನಿಟುವಳ್ಳಿಯಲ್ಲಿ 7,000 ಬಾಡಿಗೆಗೆ ಒಂದು ಮನೆ ಇದೆ, ಅಡ್ವಾನ್ಸ್ 40,000. ಮೆಸ್ ಊಟಕ್ಕೆ ಬೇರೆ 3,000 ಬೀಳುತ್ತದಂತೆ. ನಾನು ಮೆಕ್ಕೆಜೋಳ ಬೆಳೆಯುವವನು, ಲೆಕ್ಕ ಹಾಕಿ ಹಾಕಿ ಸಾಕಾಗಿದೆ. ಯಾವುದು ಅಗ್ಗ?
— ಒಬ್ಬ ತಂದೆ, ಜಗಳೂರು ತಾಲ್ಲೂಕು

ಯಜಮಾನರೇ, ನೀವು ತಿಂಗಳ ಲೆಕ್ಕ ಹಾಕಿದ್ದೀರಿ. ವರ್ಷದ ಲೆಕ್ಕ ಹಾಕೋಣ, ಆಗ ಬೇರೆ ಚಿತ್ರ ಕಾಣುತ್ತದೆ.

ಮಗಳು ವರ್ಷಕ್ಕೆ ಸುಮಾರು ಹತ್ತು ತಿಂಗಳು ಊರಲ್ಲಿ ಇರುತ್ತಾಳೆ. ಪಿಜಿಯವರು ರಜೆಯ ತಿಂಗಳಿಗೆ ದುಡ್ಡು ತಗೊಳ್ಳುವುದಿಲ್ಲ ಅಂದರೆ 65,000 ಆಯಿತು. ಮನೆಯದು ಹಾಗಲ್ಲ. ಬೀಗ ಹಾಕಿ ಊರಿಗೆ ಬಂದರೂ ಬಾಡಿಗೆ ಕಟ್ಟಲೇಬೇಕು. ಮಗಳ ಪಾಲು ತಿಂಗಳಿಗೆ 2,333, ಹನ್ನೆರಡು ತಿಂಗಳಿಗೆ 28,000. ಮೆಸ್ಸಿಗೆ ಹತ್ತು ತಿಂಗಳು 30,000. ಬೆಳಗಿನ ತಿಂಡಿ, ಕುಡಿಯುವ ನೀರಿನ ಕ್ಯಾನು, ಪೊರಕೆ, ಫಿನಾಯಿಲ್, ಬಲ್ಬು ಅಂತ ತಿಂಗಳಿಗೆ 500 ಹಿಡಿದರೂ 5,000. ಒಟ್ಟು 63,000. ಅಂದರೆ ಮೆಸ್ಸಿನಲ್ಲೇ ಉಣ್ಣುವುದಾದರೆ ಮನೆಯಿಂದ ನಿಮಗೆ ಉಳಿಯುವುದು ವರ್ಷಕ್ಕೆ 2,000. ಅಷ್ಟಕ್ಕೋಸ್ಕರ ಅಡ್ವಾನ್ಸಿನಲ್ಲಿ ನಿಮ್ಮ ಪಾಲಿನ 13,000 ಚಿಲ್ಲರೆ ದುಡ್ಡು ಇನ್ನೊಬ್ಬರ ಕೈಯಲ್ಲಿ ಕೂತಿರುತ್ತದೆ.

ಮನೆ ಅಗ್ಗ ಆಗುವುದು ಒಲೆ ಹಚ್ಚಿದಾಗ ಮಾತ್ರ. ಅಕ್ಕಿ, ಜೋಳ, ಬೇಳೆ ಊರಿಂದ ಬಂದು, ಮೂರು ಹುಡುಗಿಯರು ಸರದಿ ಮೇಲೆ ಅಡುಗೆ ಮಾಡಿಕೊಂಡರೆ ಊಟದ ಖರ್ಚು ಅರ್ಧಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಆಗ ವರ್ಷಕ್ಕೆ 48,000. ಪಿಜಿಗಿಂತ 17,000 ಕಡಿಮೆ. ಇದು ನಿಜವಾದ ಉಳಿತಾಯ. ಆದರೆ ಈ ಮಾತನ್ನು ಮಗಳನ್ನು ಕೂರಿಸಿಕೊಂಡು ಕೇಳಿ, ನೀವೇ ತೀರ್ಮಾನ ಮಾಡಬೇಡಿ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು ಮುಗಿಸಿ ಬಂದು ಕುಕ್ಕರ್ ಇಡಲು ಆಗುತ್ತಾ? ಮೊದಲ ವರ್ಷ ತುಂಬಾ ಮಕ್ಕಳಿಗೆ ಆಗುವುದಿಲ್ಲ. ಊರು ಹೊಸದು, ಪಾಠ ಇಂಗ್ಲಿಷಿನಲ್ಲಿ, ಮನೆ ನೆನಪು ಬೇರೆ. ನನ್ನ ಸಲಹೆ ಕೇಳಿದರೆ ಮೊದಲ ಆರು ತಿಂಗಳು ಪಿಜಿಯಲ್ಲಿ ಇರಲಿ. ಅಷ್ಟರಲ್ಲಿ ಯಾರ ಜೊತೆ ಹೊಂದುತ್ತದೆ, ಯಾರ ಜೊತೆ ಇಲ್ಲ ಅಂತ ಗೊತ್ತಾಗುತ್ತದೆ. ಸೀಟು ಸಿಕ್ಕ ಗಡಿಬಿಡಿಯಲ್ಲಿ ಕೂಡಿಕೊಂಡ ಮೂವರು ಸಂಕ್ರಾಂತಿ ಹೊತ್ತಿಗೆ ಮಾತು ಬಿಟ್ಟು, ಒಬ್ಬಳು ಹೊರಟುಹೋಗಿ, ಉಳಿದಿಬ್ಬರ ತಲೆ ಮೇಲೆ 7,000 ಬಿದ್ದದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಈಗ ಮನೆ ಹುಡುಕುವ ವಿಷಯ. ಬ್ರೋಕರ್ ಬೇಡ. ಒಂದು ತಿಂಗಳ ಬಾಡಿಗೆಯನ್ನೇ ಕೇಳುವವರಿದ್ದಾರೆ. ಬಡಾವಣೆಯೊಳಗೆ ಕಾಲ್ನಡಿಗೆಯಲ್ಲಿ ಹೋಗಿ, ಇಸ್ತ್ರಿ ಅಂಗಡಿಯವರನ್ನು ಕೇಳಿ. ಯಾವ ಮನೆಯ ಬಟ್ಟೆ ಬರುವುದು ನಿಂತಿದೆ ಅಂತ ಅವರಿಗೆ ಮೊದಲು ಗೊತ್ತಾಗುತ್ತದೆ. ಆಮೇಲೆ ಹಾಲಿನ ಅಂಗಡಿ, ಕಿರಾಣಿ ಅಂಗಡಿ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ. ಟು-ಲೆಟ್ ಬೋರ್ಡು ಬೀಳುವ ಮೊದಲೇ ಇವರ ಹತ್ತಿರ ಸುದ್ದಿ ಇರುತ್ತದೆ. ಇನ್ನೂ ಒಳ್ಳೆಯ ದಾರಿ ಅಂದರೆ ಕೊನೆ ವರ್ಷದ ಹುಡುಗಿಯರು. ಅವರು ಖಾಲಿ ಮಾಡುವ ಮನೆಯನ್ನೇ ಹಿಡಿದರೆ ಮಂಚ, ಬಕೆಟ್ಟು, ಒಲೆ ಎಲ್ಲಾ ಕಡಿಮೆ ದುಡ್ಡಿಗೆ ಅಲ್ಲೇ ಸಿಗುತ್ತದೆ. ಜೊತೆಗೆ ಓನರ್ ಎಂಥವರು ಅನ್ನುವುದನ್ನು ಓನರ್ ಇಲ್ಲದಾಗ ಕೇಳಬಹುದು, ಇದಕ್ಕಿಂತ ಬೆಲೆ ಬಾಳುವ ಮಾಹಿತಿ ಬೇರೆ ಇಲ್ಲ.

ಇನ್ನೊಂದು. ಆಷಾಢದಲ್ಲಿ ನಮ್ಮ ಕಡೆ ಸಂಸಾರಸ್ಥರು ಮನೆ ಬದಲಾಯಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಖಾಲಿಯಾದ ಮನೆ ಶ್ರಾವಣದವರೆಗೆ ಖಾಲಿಯೇ ಇರುತ್ತದೆ. ಆ ತಿಂಗಳು ಓನರ್‌ಗಳು ವಿದ್ಯಾರ್ಥಿಗಳ ಮಾತನ್ನು ಸ್ವಲ್ಪ ಹೆಚ್ಚು ಕೇಳುತ್ತಾರೆ. ಬಾಡಿಗೆ ಇಳಿಸದಿದ್ದರೂ ಅಡ್ವಾನ್ಸ್ ಇಳಿಸುತ್ತಾರೆ. ಚೌಕಾಸಿ ಮಾಡುವುದಾದರೆ ಆಗ ಮಾಡಿ.

ಎಲ್ಲಿ ಹುಡುಕಬೇಕು? ವಿದ್ಯಾನಗರ, ಎಂಸಿಸಿ ಬಿ ಬ್ಲಾಕು ಕಡೆ ಎಲ್ಲರೂ ಹುಡುಕುತ್ತಾರೆ, ಹಾಗಾಗಿ ಅಲ್ಲಿ ಬಾಡಿಗೆಯೂ ಜಾಸ್ತಿ. ನಿಟುವಳ್ಳಿ, ಕೆಟಿಜೆ ನಗರ, ವಿನೋಬನಗರದ ಒಳರಸ್ತೆಗಳಲ್ಲಿ ಹಳೆಯ ಮನೆಗಳ ಹಿಂಭಾಗದಲ್ಲಿ, ಮಹಡಿ ಮೇಲೆ ರೂಮುಗಳಿವೆ. ಹದಡಿ ರಸ್ತೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1951ರಲ್ಲಿ, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ. ಅಷ್ಟು ವರ್ಷದಿಂದ ಪರವೂರಿನ ಮಕ್ಕಳನ್ನು ಕಂಡ ಊರು ಇದು. ನಮ್ಮದು ಸಪಾಟಾದ ಊರು, ಸೈಕಲ್ ಇದ್ದರೆ ಈ ಬಡಾವಣೆಗಳು ಯಾವ ಕಾಲೇಜಿಗೂ ಅಂಥಾ ದೂರವಲ್ಲ.

ಮನೆ ಒಪ್ಪಿಗೆಯಾದರೆ ಬಾಡಿಗೆ ಮಾತಾಡುವ ಮೊದಲು ನೀರಿನ ಬಗ್ಗೆ ಕೇಳಿ. ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ದಾವಣಗೆರೆಯ ನೀರು ತುಂಗಭದ್ರಾ ನದಿಯಿಂದ ಬರುತ್ತದೆ, ಕುಂದುವಾಡ ಕೆರೆ ಮತ್ತು ಟಿವಿ ಸ್ಟೇಷನ್ ಕೆರೆಯಿಂದ ಬರುತ್ತದೆ. ಈ ಕೆರೆಗಳನ್ನು ತುಂಬಿಸುವುದು ಭದ್ರಾ ನಾಲೆ. ಬೇಸಿಗೆಯಲ್ಲಿ ನದಿ ಬತ್ತಿ, ನಾಲೆಯಲ್ಲೂ ನೀರು ನಿಂತಾಗ ಊರಿಗೆ ಕಷ್ಟ ಶುರುವಾಗುತ್ತದೆ. ಜೂನ್‌ನಲ್ಲೋ ಜುಲೈನಲ್ಲೋ ಮನೆ ನೋಡಲು ಬಂದವರಿಗೆ ಇದು ಕಾಣುವುದಿಲ್ಲ, ಏಪ್ರಿಲ್‌ನಲ್ಲಿ ಪರೀಕ್ಷೆಗೆ ಓದುವಾಗ ಕಾಣುತ್ತದೆ. ಅದಕ್ಕೇ ಕೇಳಿ: ಕಾರ್ಪೊರೇಷನ್ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಸಂಪು ಇದೆಯಾ? ಬೋರು ಇದೆಯಾ? ಮೇಲಿನ ಟ್ಯಾಂಕು ಬಾಡಿಗೆಯವರಿಗೆ ಬೇರೆಯೋ, ಓನರ್ ಜೊತೆ ಒಂದೇನೋ? ಮೋಟರು ಹಾಕುವ ಸ್ವಿಚ್ಚು ಯಾರ ಮನೆಯೊಳಗೆ ಇದೆ? ಕೊನೆಯದು ಸಣ್ಣ ಪ್ರಶ್ನೆ ಅನಿಸಬಹುದು. ಓನರ್ ಮದುವೆಗೆ ಅಂತ ಮೂರು ದಿನ ಊರಿಗೆ ಹೋದಾಗ ಅದರ ಬೆಲೆ ಗೊತ್ತಾಗುತ್ತದೆ. ಕೇಳಿ ಬಿಡಬೇಡಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿ. ಬೋರಿನ ನೀರು ಬಕೆಟ್ಟಿನ ಅಂಚಿಗೆ ಬಿಳಿ ಪುಡಿ ಕಟ್ಟಿದ್ದರೆ ಅದು ಗಡಸು ನೀರು, ಕುಡಿಯಲು ಕ್ಯಾನಿನ ಖರ್ಚು ಖಚಿತ. ಹತ್ತಿರದಲ್ಲಿ ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕ ಇದೆಯಾ ಅಂತ ನೋಡಿಕೊಳ್ಳಿ.

ಹುಡುಗಿಯರ ಮನೆ ಆದ್ದರಿಂದ ಒಂದು ಕೆಲಸ ಮಾಡಿ. ಹಗಲು ನೋಡಿದ ಮನೆಯನ್ನು ರಾತ್ರಿ ಎಂಟಕ್ಕೆ ಇನ್ನೊಮ್ಮೆ ಹೋಗಿ ನೋಡಿ. ಬಸ್ಸಿನಿಂದ ಇಳಿದು ಮನೆವರೆಗೆ ಮಗಳ ಜೊತೆ ನಡೆಯಿರಿ. ಬೀದಿ ದೀಪ ಇದೆಯಾ, ನಾಯಿ ಕಾಟ ಇದೆಯಾ, ಬಾಗಿಲಿನ ಚಿಲಕ ಗಟ್ಟಿ ಇದೆಯಾ, ಎಲ್ಲಾ ಆಗ ತಿಳಿಯುತ್ತದೆ.

ಪ್ರಶ್ನೆ: ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೇನೆ, ಪಟ್ಟಿ ಇನ್ನೂ ಬಂದಿಲ್ಲ. ಕಾಲೇಜು ಶುರುವಾಗಿದೆ. ಸೀಟು ಸಿಗದಿದ್ದರೆ ಏನು ದಾರಿ, ಅಕ್ಕಾ?
— ಬಿಎ ವಿದ್ಯಾರ್ಥಿ, ಹೊನ್ನಾಳಿ ತಾಲ್ಲೂಕು

ತಮ್ಮಾ, ಪಟ್ಟಿ ಬರುವವರೆಗೆ ಅಡ್ವಾನ್ಸ್ ಕೊಟ್ಟು ಮನೆ ಹಿಡಿಯಬೇಡ. ತಿಂಗಳು ತಿಂಗಳು ದುಡ್ಡು ಕೊಡುವ ಕಡೆ ಇರು, ಅಥವಾ ಊರಿನ ಯಾರಾದರೂ ಸೀನಿಯರ್ ರೂಮಿನಲ್ಲಿ ಪಾಲು ಕೊಟ್ಟು ಇರು. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಕೈಬಿಡಬೇಡ. ಬೇರೆ ಕಡೆ ಸೀಟು ಸಿಕ್ಕವರು ಬಿಟ್ಟು ಹೋಗುತ್ತಾರೆ, ಸ್ಥಾನ ಖಾಲಿ ಆಗುತ್ತವೆ. ವಾರ್ಡನ್‌ಗೆ ಮುಖ ತೋರಿಸಿ ಬರುತ್ತಿರು.

ನೀನು ಹಿಂದುಳಿದ ವರ್ಗದವನು ಅಂತ ಬರೆದಿದ್ದೀಯ. ಹಾಗಾದರೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿಗೂ ಅರ್ಜಿ ಹಾಕು. ಹಾಸ್ಟೆಲ್ ಸಿಗದೆ ಹೊರಗೆ ಇರುವ ಮಕ್ಕಳ ಊಟ, ವಸತಿಗೆ ಅಂತಲೇ ಇರುವ ಸಹಾಯ ಅದು. ತಿಂಗಳಿಗೆ 1,500ರಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಬಂದದ್ದು. ಮನೆಯ ಆದಾಯಕ್ಕೆ ಮಿತಿ ಇದೆ. ಅರ್ಜಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ ಮೂಲಕ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಅವಧಿ ಮುಗಿದಿದ್ದರೆ ಈಗಲೇ ಹೊಸದು ಮಾಡಿಸು. ತುಂಬಾ ಮಕ್ಕಳಿಗೆ ಮಂಜೂರಾದರೂ ದುಡ್ಡು ಬರುವುದಿಲ್ಲ, ಯಾಕೆಂದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ" ಅಂತ ಇದೇ ಮಾತಿನಲ್ಲಿ ಕೇಳು. ದುಡ್ಡು ತಡವಾಗಿ ಬರುತ್ತದೆ, ತಿಂಗಳ ಬಾಡಿಗೆಗೆ ಅದನ್ನೇ ನಂಬಿಕೊಳ್ಳಬೇಡ. ಬಂದಾಗ ತಂದೆಯ ಕೈಸಾಲ ತೀರಿಸಲು ಆಗುತ್ತದೆ.

ಮಠಗಳ, ಸಮಾಜಗಳ ಹಾಸ್ಟೆಲ್‌ಗಳನ್ನೂ ವಿಚಾರಿಸು. ಈ ಊರಲ್ಲಿ ಅವು ಇವೆ, ಕೆಲವು ಕಡೆ ಎಲ್ಲಾ ಜಾತಿಯ ಮಕ್ಕಳನ್ನೂ ತಗೊಳ್ಳುತ್ತಾರೆ. ಫೋನಿನಲ್ಲಿ ಕೇಳಿದರೆ ಇಲ್ಲ ಅನ್ನುತ್ತಾರೆ, ಮಾರ್ಕ್ಸ್ ಕಾರ್ಡ್ ಹಿಡಿದು ಎದುರಿಗೆ ಹೋಗು.

ಪ್ರಶ್ನೆ: ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ. ಸಿಟಿಯಲ್ಲಿ ಇರಲಾ, ಹಳ್ಳಿಯಲ್ಲಿ ಇರಲಾ?
— ವಿದ್ಯಾರ್ಥಿ, ಹೊಳಲ್ಕೆರೆ

ಎರಡು ವರ್ಷದ ಮಾತು, ಲ್ಯಾಬಿನ ಕೆಲಸ ಇರುವ ಕೋರ್ಸು. ಸಂಜೆ ತಡವಾಗುತ್ತದೆ. ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣ ಊರಿನ ಹೊರಗಿದೆ, ಸಿಟಿಯಲ್ಲಿ ಇದ್ದರೆ ಕೊನೆ ಬಸ್ಸಿನ ಚಿಂತೆಯಲ್ಲೇ ಪ್ರಯೋಗ ಮಾಡಬೇಕಾಗುತ್ತದೆ. ಹಳ್ಳಿಯಲ್ಲಿ ಮನೆ ಸಿಕ್ಕರೆ ಅಲ್ಲೇ ಇರು. ಆದರೆ ಇಬ್ಬರಾದರೂ ಸೇರಿ ಇರಿ, ಅಡುಗೆಗೆ ತಯಾರಿ ಇರಲಿ, ಯಾಕೆಂದರೆ ಸಿಟಿಯಲ್ಲಿ ಸಿಗುವಷ್ಟು ಮೆಸ್ಸು, ಖಾನಾವಳಿ ಅಲ್ಲಿಲ್ಲ. ತೋಳಹುಣಸೆಗೆ ರೈಲು ನಿಲ್ದಾಣವೂ ಇದೆ, ನಿಲ್ಲುವ ಪ್ಯಾಸೆಂಜರ್ ಗಾಡಿಯ ಹೊತ್ತು ನೋಡಿಕೊಂಡರೆ ಊರಿಗೆ ಹೋಗಿ ಬರಲು ಅನುಕೂಲ.

ಪ್ರಶ್ನೆ: ಹರಿಹರದಲ್ಲಿ ಮನೆ ಇದೆ. ಮಗಳು ದಾವಣಗೆರೆಗೆ ದಿನಾ ಓಡಾಡಲಾ, ಪಿಜಿಗೆ ಹಾಕಲಾ?

ಓಡಾಡಲಿ ತಾಯಿ. 14 ಕಿಲೋಮೀಟರ್ ಅಷ್ಟೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಖಾಸಗಿ ಬಸ್ಸಿಗೆ ಅದು ನಡೆಯುವುದಿಲ್ಲ, ಅಷ್ಟು ನೆನಪಿರಲಿ. ಪರೀಕ್ಷೆ ಹತ್ತಿರ ಬಂದಾಗ ಗೆಳತಿಯ ರೂಮಿನಲ್ಲಿ ಹತ್ತು ದಿನ ಇದ್ದರೆ ಸಾಕು.

ಪ್ರಶ್ನೆ: ಮೂರು ವರ್ಷ ಇದ್ದ ಮನೆ ಖಾಲಿ ಮಾಡಿದೆವು. 30,000 ಅಡ್ವಾನ್ಸಿನಲ್ಲಿ ಓನರ್ 18,000 ಹಿಡಿದುಕೊಂಡರು. ಪೇಂಟಿಂಗ್, ಕ್ಲೀನಿಂಗ್, ಒಂದು ಕಿಟಕಿ ಗಾಜು ಅಂತ ಲೆಕ್ಕ. ಅಗ್ರಿಮೆಂಟ್ ಇರಲಿಲ್ಲ. ಏನಾದರೂ ಮಾಡಬಹುದಾ?
— ನಾಲ್ವರು ಗೆಳೆಯರು

ನಿಮ್ಮ ಪತ್ರ ಓದಿ ನನಗೆ 1991 ನೆನಪಾಯಿತು. ನಾನು ಮತ್ತು ಇಬ್ಬರು ಗೆಳತಿಯರು ಇದ್ದ ರೂಮಿನ ಅಡ್ವಾನ್ಸು 600 ರೂಪಾಯಿ. ಆಗ ನಮಗೆ ಅದು ದೊಡ್ಡ ದುಡ್ಡು. ಖಾಲಿ ಮಾಡುವ ದಿನ ಸುಣ್ಣ ಬಳಿಸಬೇಕು ಅಂತ ಅಷ್ಟನ್ನೂ ಹಿಡಿದುಕೊಂಡರು. ನಾವು ಬರುವಾಗಲೂ ಆ ಗೋಡೆ ಹಾಗೇ ಇತ್ತು, ಮೂಲೆಯಲ್ಲಿ ಮಳೆ ನೀರು ಇಳಿದ ಕಲೆಯೂ ಹಾಗೇ ಇತ್ತು. ಆದರೆ ಅದನ್ನು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಅಪ್ಪ ಬಂದು ಕೈಮುಗಿದು ಕೇಳಿದರು. ಅವರು ಕೈಮುಗಿದದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ. ದುಡ್ಡು ಬರಲಿಲ್ಲ.

ನಿಮ್ಮ ಹತ್ತಿರ ಅಗ್ರಿಮೆಂಟ್ ಇಲ್ಲದಿದ್ದರೂ ಫೋನ್‌ಪೇ, ಗೂಗಲ್‌ಪೇಯಲ್ಲಿ ಅಡ್ವಾನ್ಸ್, ಬಾಡಿಗೆ ಹಾಕಿದ ದಾಖಲೆ ಇರುತ್ತದೆ ಅಲ್ವಾ? ವಾಟ್ಸಾಪ್ ಮಾತುಕತೆ ಇರುತ್ತದೆ. ಅದೆಲ್ಲಾ ಸಾಕ್ಷಿಯೇ. ಮೊದಲು ಓನರ್‌ಗೆ ಮರ್ಯಾದೆಯಿಂದ ಒಂದು ಪತ್ರ ಬರೆಯಿರಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಗಾಜು ನೀವು ಒಡೆದಿದ್ದರೆ ಅದರ ದುಡ್ಡು ಒಪ್ಪಿಕೊಳ್ಳಿ. ಪೇಂಟಿಂಗ್ ಖರ್ಚಿನ ಬಿಲ್ ಕೇಳಿ. ಮೂರು ವರ್ಷ ಜನ ಬದುಕಿದ ಮನೆಯ ಬಣ್ಣ ಮಾಸುವುದು ಸಹಜ, ಅದು ನೀವು ಮಾಡಿದ ಹಾನಿ ಅಲ್ಲ ಅಂತ ಬರೆಯಿರಿ. ಉತ್ತರ ಬರದಿದ್ದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆ ಅಲ್ಲಿದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಅಲ್ಲಿಂದ ಕರೆ ಬಂತು ಅಂದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ ಅಂತ ವಾಟ್ಸಾಪಿನಲ್ಲಿ ಓಡಾಡುವ ಸಂದೇಶವನ್ನೂ ಕಳಿಸಿದ್ದೀರಿ. ಅದನ್ನು ಹಿಡಿದು ಜಗಳಕ್ಕೆ ಹೋಗಬೇಡಿ. ಆ ಮಾತು ಇರುವುದು ಕೇಂದ್ರ ಸರ್ಕಾರ 2021ರಲ್ಲಿ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಅದು ತಾನಾಗಿಯೇ ಎಲ್ಲಾ ರಾಜ್ಯಕ್ಕೂ ಜಾರಿ ಆಗುವುದಿಲ್ಲ, ಆಯಾ ರಾಜ್ಯ ತನ್ನ ಕಾನೂನಿಗೆ ತಂದುಕೊಳ್ಳಬೇಕು.

ಇದನ್ನು ಓದುತ್ತಿರುವ ಹೊಸಬರಿಗೆ: ಸಾಮಾನು ಇಳಿಸುವ ಮೊದಲು, ಮನೆ ಖಾಲಿ ಇರುವಾಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿ. ಪ್ರತಿ ಗೋಡೆ, ನಲ್ಲಿ, ಸ್ವಿಚ್ ಬೋರ್ಡು, ಗಾಜು, ಕಮೋಡು. ಅದನ್ನು ಅವತ್ತೇ ಓನರ್ ವಾಟ್ಸಾಪಿಗೆ "ನಾವು ಬಂದಾಗ ಮನೆ ಹೀಗಿತ್ತು ಸರ್" ಅಂತ ಹಾಕಿ. ತಾರೀಖು ಅದರಲ್ಲೇ ಇರುತ್ತದೆ. 11 ತಿಂಗಳ ಅಗ್ರಿಮೆಂಟ್ ಮಾಡಿಸಿ, ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಅಂತಲೇ ಎಲ್ಲರೂ 11 ತಿಂಗಳು ಬರೆಸುವುದು. ಅದರಲ್ಲಿ ಈ ನಾಲ್ಕು ಮಾತು ಇರಲಿ: ಅಡ್ವಾನ್ಸ್ ಎಷ್ಟು, ಖಾಲಿ ಮಾಡಿದ ಎಷ್ಟು ದಿನಕ್ಕೆ ವಾಪಸ್, ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಒಬ್ಬರು ಮಧ್ಯೆ ಬಿಟ್ಟರೆ ಅವರ ಜಾಗಕ್ಕೆ ಇನ್ನೊಬ್ಬರನ್ನು ತರಬಹುದಾ. ನಮ್ಮ ಮನೆಯ ಹುಡುಗಿಯರಿಗೆ ನಾನು ಇದನ್ನೇ ಬರೆದು ಕೊಟ್ಟಿದ್ದೇನೆ. ಪೇಂಟಿಂಗಿಗೆ ಅಂತ ಹಿಡಿಯುವುದಿಲ್ಲ.

ಪ್ರಶ್ನೆ: ಗೃಹಜ್ಯೋತಿ ಇದ್ದರೂ ಓನರ್ ತಿಂಗಳಿಗೆ ಒಬ್ಬೊಬ್ಬರಿಂದ 200 ರೂಪಾಯಿ ಕರೆಂಟ್ ದುಡ್ಡು ತಗೊಳ್ಳುತ್ತಾರೆ. ಸರಿಯಾ?

ಮೊದಲು ನಿಮ್ಮ ಮೀಟರು ಬೇರೆ ಇದೆಯಾ ನೋಡಿ. ಬೇರೆ ಮೀಟರು ಇದ್ದರೆ ಬಾಡಿಗೆಯವರು ತಮ್ಮ ಆಧಾರ್ ಕೊಟ್ಟು ಗೃಹಜ್ಯೋತಿಗೆ ನೋಂದಣಿ ಮಾಡಿಕೊಳ್ಳಬಹುದು, ಒಬ್ಬರ ಹೆಸರಲ್ಲಿ ಮಾಡಿದರೆ ಸಾಕು. ಬೆಸ್ಕಾಂ ಬಿಲ್ಲಿನಲ್ಲಿ ಇರುವ ಅಕೌಂಟ್ ಐಡಿ ಬೇಕು. ಆದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ತಿಳಿಯಬೇಡಿ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ ಮಿತಿ ಹಾಕಿದರು. ಹಳೆ ಬಾಡಿಗೆಯವರು ಬರೀ ಫ್ಯಾನು, ಲೈಟು ಹಾಕಿಕೊಂಡಿದ್ದವರಾದರೆ ನಿಮಗೆ ಸಿಗುವ ಯೂನಿಟ್ ಕಡಿಮೆ. ನೀವು ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್ ಹಾಕಿದರೆ ಮಿತಿ ದಾಟುತ್ತದೆ, ದಾಟಿದ್ದಕ್ಕೆ ಬಿಲ್ ಬರುತ್ತದೆ. ಹಾಗಾಗಿ ತಿಂಗಳ ಬಿಲ್ ತೋರಿಸಿ ಅಂತ ಕೇಳಿ. ಬಿಲ್ ಸೊನ್ನೆ ಇದ್ದೂ 200 ತಗೊಳ್ಳುವುದು ತಪ್ಪು. ಖಾಲಿ ಮಾಡಿ ಹೋಗುವಾಗ ಆಧಾರ್ ಜೋಡಣೆ ಬಿಡಿಸಿಕೊಂಡು ಹೋಗಿ, ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ನಿಮಗೆ ತೊಂದರೆ.

ಪ್ರಶ್ನೆ: ಪಿಜಿಯವರು 6,000ದ ಮೇಲೆ ಜಿಎಸ್‌ಟಿ ಅಂತ ಸೇರಿಸುತ್ತಿದ್ದಾರೆ.

ಸೇರಿಸುವಂತಿಲ್ಲ. 2024ರ ಜುಲೈನಿಂದ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ಹಾಸ್ಟೆಲ್, ಪಿಜಿ ವಸತಿಗೆ, ಸತತ 90 ದಿನ ಇರುವವರಾದರೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಿ ಅಂತ ಕೇಳಿ ನೋಡಿ.

ಪ್ರಶ್ನೆ: ಮೂರು ಮನೆ ನೋಡಿದೆ. ಮೂರರಲ್ಲೂ ಬಾಡಿಗೆ ಒಪ್ಪಿಗೆಯಾಯಿತು. ಆಮೇಲೆ "ಯಾವ ಜನ" ಅಂತ ಕೇಳಿದರು. ಹೇಳಿದೆ. ಒಬ್ಬರು ಮನೆಯವರನ್ನು ಕೇಳಿ ಹೇಳುತ್ತೇನೆ ಅಂದರು, ಇನ್ನಿಬ್ಬರು ಆಗಲೇ ಬೇರೆಯವರಿಗೆ ಕೊಟ್ಟಿದ್ದೇವೆ ಅಂದರು. ಬೋರ್ಡು ಈಗಲೂ ಹಾಗೇ ಇದೆ. ನಾನು ಸುಳ್ಳು ಹೇಳಬೇಕಿತ್ತಾ?
— ಹೆಸರು ಬೇಡ

ಈ ಪತ್ರವನ್ನು ನಾಲ್ಕು ಸಲ ಓದಿದೆ. ಇಲ್ಲಪ್ಪ, ನೀನು ಸುಳ್ಳು ಹೇಳಬೇಕಿರಲಿಲ್ಲ. ತಪ್ಪು ಕೇಳಿದವರದು. ಈ ಊರಿನ ಒಬ್ಬ ಮನೆ ಓನರ್ ಆಗಿ ನಾನು ನಿನ್ನ ಕ್ಷಮೆ ಕೇಳುತ್ತೇನೆ. ಇದು ನಮ್ಮ ಬೀದಿಗಳಲ್ಲಿ ದಿನಾ ನಡೆಯುತ್ತದೆ, ದಲಿತ ಮಕ್ಕಳಿಗೆ, ಮುಸ್ಲಿಂ ಮಕ್ಕಳಿಗೆ. ವೆಜ್ ಇದ್ದವರಿಗೆ ಮಾತ್ರ ಅಂತ ಬೋರ್ಡು ಹಾಕಿ ಒಳಗೆ ಬೇರೆಯದನ್ನೇ ಕೇಳುತ್ತಾರೆ. ಸುಳ್ಳು ಹೇಳಿ ಮನೆ ಹಿಡಿದರೆ ಮೂರು ವರ್ಷ ಪ್ರತಿದಿನ ಹೆದರಿಕೊಂಡು ಇರಬೇಕು. ಊರಿಂದ ಅಮ್ಮ ಬಂದರೆ ಹೆದರಿಕೆ, ಗೆಳೆಯ ಹೆಸರು ಹಿಡಿದು ಕರೆದರೆ ಹೆದರಿಕೆ. ಓದುವವರಿಗೆ ಆ ಭಾರ ಬೇಡ.

ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಓನರ್ ಅದೇ ಕಟ್ಟಡದಲ್ಲಿ ಇರದ ಮನೆಗಳನ್ನು ನೋಡು, ಅಲ್ಲಿ ಈ ಪ್ರಶ್ನೆ ಕಡಿಮೆ. ನಿಮ್ಮ ಕಾಲೇಜಿನ ಸೀನಿಯರ್‌ಗಳು ಈಗಾಗಲೇ ಇರುವ ಮನೆಯಲ್ಲಿ ಖಾಲಿಯಾಗುವ ಜಾಗಕ್ಕೆ ಹೋಗು. ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೀಯಾ? ಇಲ್ಲದಿದ್ದರೆ ಕೂಡಲೇ ಆ ಕಚೇರಿಗೆ ಹೋಗಿ ಕೇಳು. ನಿಮ್ಮ ಪ್ರಾಂಶುಪಾಲರಿಗೆ ನಡೆದದ್ದನ್ನು ಬರೆದು ಕೊಡು, ಕಾಲೇಜಿನ ಮೇಷ್ಟ್ರೊಬ್ಬರು ಜೊತೆಗೆ ಬಂದರೆ ಎಷ್ಟೋ ಬಾಗಿಲು ತೆರೆಯುತ್ತವೆ. ಹಾಗೆ ಬರಬೇಕಾದದ್ದೇ ಬೇಸರದ ವಿಷಯ, ಆದರೆ ನಿನಗೆ ಈ ತಿಂಗಳು ಮನೆ ಬೇಕು. ಯಾರಾದರೂ ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಅವಮಾನ ಮಾಡಿದರೆ ಮಾತ್ರ ಸುಮ್ನೆ ಬರಬೇಡ. ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಅಂಥದ್ದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. 14566 ಅದಕ್ಕೆ ಅಂತಲೇ ಇರುವ ಸಹಾಯವಾಣಿ.

ನಿಟುವಳ್ಳಿ ಕಡೆ ಮನೆ ನೋಡಲು ಬರುವುದಾದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದು ನಿನ್ನ ನಂಬರ್ ಕಳಿಸು. ನನಗೆ ತಿಳಿದ ಎರಡು ಮನೆಗಳಿವೆ. ಅಲ್ಲಿ ಆ ಪ್ರಶ್ನೆ ಕೇಳುವುದಿಲ್ಲ.

ಪ್ರಶ್ನೆ: ನಮ್ಮದು ಮೇಲ್ಮಹಡಿ ಮನೆ ಖಾಲಿ ಇದೆ. ಹುಡುಗರಿಗೆ ಕೊಡಬೇಡಿ, ಗಲಾಟೆ ಮಾಡುತ್ತಾರೆ ಅಂತ ಎಲ್ಲರೂ ಹೆದರಿಸುತ್ತಾರೆ. ಫ್ಯಾಮಿಲಿ ಬರುತ್ತಿಲ್ಲ. ಏನು ಮಾಡಲಿ?
— ಗೃಹಿಣಿ, ವಿನೋಬನಗರ

ಕೊಡಿ ಅಕ್ಕಾ. ನಿಮ್ಮ ಮಕ್ಕಳೂ ಬೆಂಗಳೂರಲ್ಲಿ ಯಾರದೋ ಮನೆಯಲ್ಲಿ ಇದ್ದಾರೆ ಅಂತ ನೀವೇ ಬರೆದಿದ್ದೀರಿ. ಎಷ್ಟು ಜನ ಇರಬೇಕು, ರಾತ್ರಿ ಎಷ್ಟು ಗಂಟೆ ಮೇಲೆ ಸದ್ದು ಬೇಡ, ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮೊದಲೇ ಹೇಳಿ, ಬರೆದೂ ಕೊಡಿ. ಆಮೇಲೆ ಒಂದೊಂದಾಗಿ ಹೊಸ ನಿಯಮ ಸೇರಿಸಬೇಡಿ, ಮಕ್ಕಳಿಗೆ ಸಿಟ್ಟು ಬರುವುದು ಅದಕ್ಕೇ. ಒಬ್ಬೊಬ್ಬರ ತಂದೆ ತಾಯಿಯ ಫೋನ್ ನಂಬರ್, ಕಾಲೇಜಿನ ಗುರುತಿನ ಚೀಟಿಯ ಪ್ರತಿ ತಗೊಳ್ಳಿ. ಮೇಲೆ ಹೋಗುವುದಾದರೆ ಮೊದಲು ಹೇಳಿ ಹೋಗಿ, ಬಾಡಿಗೆಗೆ ಕೊಟ್ಟ ಮೇಲೆ ಅದು ಅವರ ಮನೆ. ನಮ್ಮಲ್ಲಿ ಇದ್ದ ಒಬ್ಬ ಹುಡುಗಿ ಓದು ಮುಗಿಸಿ ಹೋಗಿ ಆರು ವರ್ಷ ಆಯಿತು. ಯುಗಾದಿಗೆ ಈಗಲೂ ಫೋನ್ ಮಾಡುತ್ತಾಳೆ.

ಪ್ರಶ್ನೆ: ನಾಲ್ವರು ಸೇರಿ ಅಡುಗೆ ಮಾಡಿಕೊಳ್ಳಬೇಕು ಅಂತಿದ್ದೇವೆ. ಇಲ್ಲಿನ ವಿಳಾಸಕ್ಕೆ ದಾಖಲೆ ಇಲ್ಲ, ಗ್ಯಾಸ್ ಹೇಗೆ? ಏನು ಅಡುಗೆ ಸುಲಭ?
— ಡಿಪ್ಲೊಮಾ ವಿದ್ಯಾರ್ಥಿಗಳು

ಐದು ಕೆಜಿಯ ಸಣ್ಣ ಸಿಲಿಂಡರಿಗೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಇದ್ದರೆ ಸಾಕು. ಗ್ಯಾಸ್ ಏಜೆನ್ಸಿಯಲ್ಲೇ ತಗೊಳ್ಳಿ, ಕೆಲವು ಪೆಟ್ರೋಲ್ ಬಂಕುಗಳಲ್ಲೂ ಸಿಗುತ್ತದೆ. ದೊಡ್ಡ ಸಿಲಿಂಡರಿನಿಂದ ತುಂಬಿಸಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ, ಅದು ಅಪಾಯ. ಖಾಲಿ ಸಿಲಿಂಡರ್ ಬದಲಾಯಿಸಿಕೊಂಡು ಹೋಗುತ್ತಿರಬಹುದು.

ರೊಟ್ಟಿ ತಟ್ಟುವ ಕಷ್ಟ ಬೇಡ. ಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಈ ಊರಲ್ಲಿ ಬೀದಿ ಬೀದಿಗೆ ಇದ್ದಾರೆ, ಕಟಕ ರೊಟ್ಟಿ ತಂದಿಟ್ಟರೆ ವಾರ ಆದರೂ ಕೆಡುವುದಿಲ್ಲ. ನೀವು ಅನ್ನ, ಬೇಳೆ ಸಾರು, ಒಂದು ಪಲ್ಯ ಕಲಿತರೆ ಸಾಕು. ಮನೆಯಿಂದ ಶೇಂಗಾ ಚಟ್ನಿಪುಡಿ ತನ್ನಿ. ತರಕಾರಿಯನ್ನು ಸಂತೆಯ ದಿನ ಸಂಜೆ ಹೊತ್ತಿಗೆ ಹೋಗಿ ತಗೊಳ್ಳಿ, ಅಗ್ಗಕ್ಕೆ ಕೊಡುತ್ತಾರೆ. ಮಂಡಕ್ಕಿ ಒಂದು ಡಬ್ಬಿ ಮನೆಯಲ್ಲಿ ಇರಲಿ, ರಾತ್ರಿ ಓದುವಾಗ ಒಗ್ಗರಣೆ ಹಾಕಿಕೊಂಡರೆ ಹೊಟ್ಟೆ ತುಂಬುತ್ತದೆ. ಖರ್ಚಿಗೆ ಒಂದು ನೋಟ್‌ಬುಕ್ ಇಡಿ, ಯಾರು ಏನು ತಂದರು ಅಂತ ಅವತ್ತಿಂದು ಅವತ್ತೇ ಬರೆಯಿರಿ, ಶನಿವಾರ ಲೆಕ್ಕ ಚುಕ್ತಾ ಮಾಡಿ. ಪಾತ್ರೆ ತೊಳೆಯುವ ಸರದಿಯನ್ನು ಅಡುಗೆ ಸರದಿಗಿಂತ ಮೊದಲು ಹಂಚಿಕೊಳ್ಳಿ. ನೀರು ಬರುವ ದಿನ ಯಾರು ಬೇಗ ಎದ್ದು ಡ್ರಮ್ಮು ತುಂಬಿಸುತ್ತಾರೆ ಅನ್ನುವುದನ್ನೂ ಗೋಡೆಗೆ ಬರೆದು ಅಂಟಿಸಿ.